ಅರ್ಥಿಂಗ್ ಮಾಡಿಸಿದ್ದೀವಿ ಅಂತ ನಂಬಿ ಕೂರಬೇಡಿ, ಮುಚ್ಚಳ ಎತ್ತಿ ನೋಡಿ

ತುಮಕೂರಿನವರು, ಅದರಲ್ಲೂ ಕ್ಯಾತ್ಸಂದ್ರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಗಿಟಾರ್ ಇಲ್ಲದವರೂ ಓದಿ. ಎರಡು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನನ್ನ ಹತ್ತಿರ ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ಈ ಮನೆಗೆ ಬಂದಾಗಿನಿಂದ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿದರೆ ಸಾಕು, ಗುಂಯ್ ಅಂತ ಶಬ್ದ. ತಂತಿ ಮೇಲೆ ಕೈ ಇಟ್ಟರೆ ಕಮ್ಮಿ, ತೆಗೆದರೆ ಜಾಸ್ತಿ. ರಿಪೇರಿ ಅಂಗಡಿಗೆ ಒಯ್ದೆ. "ಪಿಕಪ್ ಹೋಗಿದೆ ಸಾರ್" ಅಂದರು. ತಂತಿಯ ಕಂಪನ ಹಿಡಿದು ಆಂಪಿಗೆ ಕಳಿಸುವ ಭಾಗ ಅದು. 3,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಅಂಗಡಿಯಲ್ಲಿ ಸದ್ದೇ ಇಲ್ಲ, ಮನೆಗೆ ತಂದರೆ ಅದೇ ಗುಂಯ್. ಆಗಲೇ ಹೊಳೆಯಬೇಕಿತ್ತು ನನಗೆ.

ಗೊತ್ತಾಗಿದ್ದು ಮಗಳಿಂದ. ಏಳು ವರ್ಷದ ಮಗು. ಬರಿಗಾಲಲ್ಲಿ ಬಂದು ತಂತಿ ಮುಟ್ಟಿದವಳು "ಅಪ್ಪಾ, ಇರುವೆ ಕಚ್ತು" ಅಂತ ಕೈ ಎಳೆದುಕೊಂಡಳು. ಟೆಸ್ಟರ್ ತಂದು ತಂತಿಗೆ ಇಟ್ಟೆ. ಉರೀತು. ಗಿಟಾರಿನ ತಂತಿ, ಕೇಬಲ್ಲು, ಆಂಪಿನ ಲೋಹದ ಮೈ ಎಲ್ಲ ಒಳಗೊಳಗೇ ಸೇರಿರುತ್ತವೆ. ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ ಮೂಲಕ ಭೂಮಿಗೆ ದಾರಿ ಇರಬೇಕು, ಅದೇ ಅರ್ಥಿಂಗ್. ನಮ್ಮ ಮನೆ ಬೋರ್ಡಿನಲ್ಲಿ ಆ ಪಿನ್ನಿಗೆ ತೂತು ಮಾತ್ರ ಇತ್ತು, ಹಿಂದೆ ವೈರ್ ಇರಲಿಲ್ಲ.

ಅರ್ಥಿಂಗ್ ಮಾಡಿಸೋಕೆ ಪರಿಚಯದವರೊಬ್ಬರು ಒಬ್ಬ ಎಲೆಕ್ಟ್ರಿಷಿಯನ್‌ನ ಕಳಿಸಿದರು. ಗುಂಡಿ, ಎಂಟಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಇದ್ದಿಲು, ಉಪ್ಪು, ವೈರು ಎಲ್ಲ ಸೇರಿ 6,500 ಅಂದ. ನಾನು ಚೌಕಾಸಿಯನ್ನೂ ಮಾಡಲಿಲ್ಲ. ಕೆಲಸದ ದಿನ ಆಫೀಸಿನಲ್ಲಿದ್ದೆ. ಅಮ್ಮ ಎರಡು ಸಲ ಕಾಫಿ ಮಾಡಿಕೊಟ್ಟಿದ್ದಾರೆ ಅವನಿಗೆ. ಸಂಜೆ ಬರುವಷ್ಟರಲ್ಲಿ ಗುಂಡಿಗೆ ಸಿಮೆಂಟ್ ಮುಚ್ಚಳ ಹಾಕಿ ಆಗಿತ್ತು. ಹೋಲ್ಡರಿಗೆ ಬಲ್ಬ್ ಹಾಕಿ, ಒಂದು ವೈರ್ ಕರೆಂಟ್ ಬರುವ ಫೇಸಿಗೆ, ಇನ್ನೊಂದು ಅರ್ಥ್ ತೂತಿಗೆ ಚುಚ್ಚಿದ. ಬಲ್ಬ್ ಝಗ್ ಅಂತ ಉರೀತು. "ನೋಡಿ ಸಾರ್, ಎಂಥಾ ಅರ್ಥ್ ಬಂದಿದೆ!" ಅಂದ. ಖುಷಿಯಲ್ಲಿ ಮೇಲೆ ಇನ್ನೂರು ಕೊಟ್ಟು ಕಳಿಸಿದೆ. ನಾನೇ ಕೈಯಾರೆ ಕೊಟ್ಟೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಒಂದು ವಾರ ಗಿಟಾರ್ ತಣ್ಣಗಿತ್ತು. ಆಮೇಲೆ ಸಂಪಿನ ಮೋಟರ್ ಹಾಕಿದಾಗ ಗುಂಯ್, ಮಿಕ್ಸಿ ಹಾಕಿದಾಗ ಗರ್ರ್. ಅವನಿಗೆ ಫೋನ್ ಮಾಡಿದರೆ "ಅದು ನಿಮ್ಮ ಗಿಟಾರ್ ಪ್ರಾಬ್ಲಮ್ಮು ಸಾರ್, ನಾನೇನ್ ಮಾಡ್ಲಿ" ಅಂದ.

ಭಾನುವಾರ ಗುಬ್ಬಿಯಿಂದ ನಮ್ಮ ಭಾವಮೈದ ಬಂದಿದ್ದ. ಮೋಟರ್ ವೈಂಡಿಂಗ್ ಮಾಡುವವನು. ಇಸ್ತ್ರಿಪೆಟ್ಟಿಗೆ ಓಡುವಾಗ ಪಕ್ಕದ ತೂತುಗಳಲ್ಲಿ ನ್ಯೂಟ್ರಲ್ಲಿಗೂ (ಕರೆಂಟ್ ವಾಪಸ್ ಹೋಗುವ ವೈರು) ಅರ್ಥಿಗೂ ಮಲ್ಟಿಮೀಟರ್ ಇಟ್ಟ. ಸೊನ್ನೆ. "ಭಾವ, ಇಷ್ಟು ಲೋಡ್ ಇದ್ದಾಗ ಒಂದೆರಡು ವೋಲ್ಟ್ ಆದರೂ ತೋರಿಸಬೇಕು. ಇದೇನೋ ಮೋಸ" ಅಂದ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದ. ಬೆರಳುದ್ದದ ಕಪ್ಪು ವೈರು. ಒಂದು ತುದಿ ನ್ಯೂಟ್ರಲ್ ಸ್ಕ್ರೂಗೆ, ಇನ್ನೊಂದು ತುದಿ ಅರ್ಥ್ ಸ್ಕ್ರೂಗೆ. ಅಷ್ಟೇ. ಬಲ್ಬ್ ಉರಿದಿದ್ದು ಅದರಿಂದ. ಮೋಟರಿನ ಸದ್ದು ಗಿಟಾರಿಗೆ ಬರುತ್ತಿದ್ದದ್ದೂ ಅದೇ ದಾರಿಯಲ್ಲಿ.

ಹೊರಗೆ ಹೋಗಿ ಮುಚ್ಚಳ ತೆಗೆದೆವು. ಪೈಪ್ ಅಲ್ಲಾಡುತ್ತಿತ್ತು. ಹಿಡಿದು ಎಳೆದೆ, ಕೈಗೇ ಬಂದುಬಿಟ್ಟಿತು. ಒಂದೂವರೆ ಅಡಿ! ಅದಕ್ಕೆ ವೈರೂ ಇಲ್ಲ. ಇದ್ದಿಲೂ ಇಲ್ಲ. ಮೇಲೆ ಒಂದು ಹಿಡಿ ಉಪ್ಪು ಚೆಲ್ಲಿದ್ದ, ಕಾಣಲಿ ಅಂತ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಮುಖ ಎತ್ತಲು ಆಗಲಿಲ್ಲ.

ಅಲ್ಲಿಂದಲೇ ಆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವನ ಮಾತು ಕೇಳಿ. "ನ್ಯೂಟ್ರಲ್ಲು ಅರ್ಥು ಎರಡೂ ಒಂದೇ ಸಾರ್, ಎರಡೂ ಕೊನೆಗೆ ಭೂಮಿಗೇ ಹೋಗೋದು." ಮತ್ತೆ ಪೈಪು? "ಕೆಳಗೆ ಬಂಡೆ ಸಿಕ್ತು." ಬಂಡೆ ಸಿಕ್ಕಿದ್ದರೆ ಹೇಳಬೇಕಿತ್ತಲ್ವಾ? "ನಿಮಗೆ ಸೌಂಡ್ ಹೋಗ್ಬೇಕಿತ್ತು, ಹೋಯ್ತಲ್ಲ."

ಒಂದೇ ಅಂತೆ! ಕಂಬದಿಂದ ಬರುವ ನ್ಯೂಟ್ರಲ್ ಯಾವತ್ತಾದರೂ ಕಟ್ಟಾದರೆ 230 ವೋಲ್ಟ್ ನೇರವಾಗಿ ಆಂಪಿನ ಮೈಗೆ, ಗಿಟಾರ್ ತಂತಿಗೆ, ಫ್ರಿಜ್ಜಿನ ಬಾಗಿಲಿಗೆ ಬರುತ್ತೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೆಯೇ ಶಾಕ್ ಹೊಡೆದು ಸತ್ತರು. ನನ್ನ ಮಗಳು ದಿನಾ ಆ ತಂತಿ ಮೀಟುತ್ತಿದ್ದಳು.

ಭಾವಮೈದನೇ ನಿಂತು ಎಂಟಡಿ ಪೈಪ್ ಇಳಿಸಿದ. ಬಂಡೆ ಗಿಂಡೆ ಏನೂ ಸಿಗಲಿಲ್ಲ. ಪ್ರತಿ ಬೋರ್ಡಿಗೂ ಹಸಿರು ವೈರ್ ಎಳೆದು, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿದ. ಈಗ ಟ್ಯೂಬ್‌ಲೈಟ್ ಹತ್ತಿರ ಹೋದರೆ ಮಾತ್ರ ಸಣ್ಣಗೆ ಗುಂಯ್ ಅನ್ನುತ್ತೆ. ನನ್ನ ಗಿಟಾರಿನಂಥ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಅಷ್ಟು ಸದ್ದು ಮಾಡೇ ಮಾಡುತ್ತೆ.

ಗಿಟಾರ್ ಗುಂಯ್ ಅಂದರೆ ಅಂಗಡಿಗೆ ಓಡಬೇಡಿ, ಮೊದಲು ಬೇರೆಯವರ ಮನೆಯಲ್ಲಿ ಹಾಕಿ ನೋಡಿ. ಬಲ್ಬ್ ತೋರಿಸಿದರೆ ನಂಬಬೇಡಿ, ಬೋರ್ಡ್ ಬಿಚ್ಚಿಸಿ ನೋಡಿ. ಪೈಪ್ ಇಳಿಸುವ ದಿನ ರಜೆ ಹಾಕಿ, ಪಕ್ಕದಲ್ಲೇ ನಿಲ್ಲಿ. ನಿಮ್ಮ ಮನೆಗೂ ಇತ್ತೀಚೆಗೆ ಯಾರಾದರೂ "ಗುಂಡಿ ಸೇರಿ 6,500" ಅಂತ ಅರ್ಥಿಂಗ್ ಮಾಡಿಕೊಟ್ಟಿದ್ದರೆ, ಇವತ್ತೇ ಮೇನ್ ಆಫ್ ಮಾಡಿ, ಮುಚ್ಚಳ ತೆಗೆದು ಆ ಪೈಪನ್ನು ಒಂದು ಸಲ ಅಲ್ಲಾಡಿಸಿ ನೋಡಿ.