2011ರ ಸ್ಕಾರ್ಪಿಯೋ, ಎರಡು ಸೌಂಡು, ವಿಲ್ಸನ್ ಗಾರ್ಡನ್ ಗ್ಯಾರೇಜು

ಹಳೇ ಗಾಡಿ ಇಟ್ಕೊಂಡಿರೋರಿಗೆ ಈ ಸಂಕಟ ಗೊತ್ತಿರುತ್ತೆ, ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಕಿವಿ ಬಾನೆಟ್ ಕಡೆಗೇ ಹೋಗುತ್ತೆ, ಇವತ್ತು ಆ ಸೌಂಡು ಬರುತ್ತಾ ಇಲ್ವಾ ಅಂತ. ನಂದು 2011ರ ಸ್ಕಾರ್ಪಿಯೋ, 2.2 ಲೀಟರ್ ಎಂಹಾಕ್ ಡೀಸೆಲ್, ಅಪ್ಪ ತಗೊಂಡಿದ್ದು, ಈಗ 1,62,000 ಕಿಲೋಮೀಟರ್ ಓಡಿದೆ. ಮಾರೋ ಯೋಚ್ನೆ ಇಲ್ಲ. 15 ವರ್ಷ ತುಂಬಿದ್ರೆ ಆರ್‌ಟಿಓದಲ್ಲಿ ತೋರಿಸಿ ಆರ್‌ಸಿ ರಿನೀವಲ್ ಮಾಡಿಸ್ಕೊಂಡು ಇನ್ನೈದು ವರ್ಷ ಇಟ್ಕೋತೀನಿ ಅಂತ ಮನೇಲಿ ಹೇಳಾಗಿದೆ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಬರೀತಿದೀನಿ, ನನ್ ಥರ ಇನ್ನೊಬ್ರಿಗೆ ಉಪಯೋಗ ಆಗ್ಲಿ.

ಸೌಂಡು ಎರಡಿತ್ತು. ಒಂದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿಂದ ಶುರುವಾಗಿ ನಿಲ್ಲದೇ ಇರೋ ಕಿರ್ರ್ ಅನ್ನೋ ಸೌಂಡು, ಆಕ್ಸಿಲರೇಟರ್ ಒತ್ತಿದ್ರೆ ಅದೂ ಜೊತೇಲೇ ಏರುತ್ತೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಂತೂ ನಾಲ್ಕು ಕಾರ್ ಆಚೆ ನಿಂತೋರಿಗೂ ಕೇಳ್ಸುತ್ತೆ. ಇನ್ನೊಂದು ಮೂರನೇ ಗೇರಲ್ಲಿ 1,700ರ ಹತ್ರ ಆರ್‌ಪಿಎಂ ಬಂದಾಗ ಕಾಲ ಕೆಳಗಿಂದ ಡರ್ರ್ ಅಂತ, 2,000 ದಾಟಿದ್ರೆ ಮಾಯ. ಮನೆ ಹತ್ರದ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ತಗೊಂಡ್ ಹೋದೆ (ಹೆಸರು ಬೇಡ). ಅಲ್ಲಿ ಅಡ್ವೈಸರ್ ಬಾನೆಟ್ ಎತ್ತಿ ಎರಡು ನಿಮಿಷ ನಿಂತು ಟೈಮಿಂಗ್ ಚೈನ್ ಹೋಗಿದೆ ಸಾರ್, ಕಿಟ್ ಪೂರ್ತಿ ಹಾಕ್ಬೇಕು, ಲೇಬರ್ ಸೇರಿ 48 ಸಾವಿರ ಆಗುತ್ತೆ ಅಂದ್ಬಿಟ್ರು. (ಇಂಜಿನ್ ಒಳಗೆ ವಾಲ್ವು, ಪಿಸ್ಟನ್ನು ಒಂದೇ ತಾಳಕ್ಕೆ ಓಡೋ ಹಾಗೆ ನೋಡ್ಕೊಳ್ಳೋ ಸರಪಳಿ ಅದು.) ಆ ರಾತ್ರಿ ನಿದ್ದೆ ಬರ್ಲಿಲ್ಲ, ದುಡ್ಡಿಗಿಂತ ಜಾಸ್ತಿ, ಚೈನ್ ಜಂಪ್ ಆದ್ರೆ ವಾಲ್ವು ಪಿಸ್ಟನ್ನು ಒಂದಕ್ಕೊಂದು ಬಡಿದು ಇಂಜಿನ್ನೇ ಹೋಗುತ್ತಲ್ಲ ಅನ್ನೋ ಭಯ.

ಆಫೀಸಲ್ಲಿ ಒಬ್ರು ಬೆಂಗಳೂರಿನ ಈ ವಿಲ್ಸನ್ ಗಾರ್ಡನ್ ಗ್ಯಾರೇಜ್ ಹೇಳಿದ್ರು. ಹೊರಗಿಂದ ನೋಡಿದ್ರೆ ಶೀಟ್ ಹಾಕಿದ ಶೆಡ್ಡು, ಒಂದೇ ಲಿಫ್ಟು, ಮೂರು ಜನ ಹುಡುಗ್ರು, ಎಸಿ ವೇಟಿಂಗ್ ರೂಮ್ ಎಲ್ಲಾ ಇಲ್ಲ. ಮೇಸ್ತ್ರಿಗೆ ಐವತ್ತರ ಮೇಲೆ ವಯಸ್ಸು. ನಾನು ಚೈನು ಅಂತ ಬಾಯ್ ತೆಗೆದ್ರೆ ಅವರು "ಅದು ಆಮೇಲೆ ಸಾರ್, ಮೊದ್ಲು ಸೌಂಡು ಕೇಳ್ಸ್ಕೊಳ್ಳೋಣ" ಅಂದ್ರು, ಗಾಡೀನ ಇಲ್ಲೇ ಬಿಟ್ಟು ಹೋಗಿ, ರಾತ್ರಿ ಪೂರ್ತಿ ತಣ್ಣಗಾಗ್ಲಿ, ಬೆಳಗ್ಗೆ ಒಂಬತ್ತಕ್ಕೆ ಬನ್ನಿ ನಿಮ್ ಮುಂದೇನೇ ಸ್ಟಾರ್ಟ್ ಮಾಡ್ತೀನಿ ಅಂದ್ರು. ಅಷ್ಟಕ್ಕೇ ಅರ್ಧ ಸಮಾಧಾನ ಆಯ್ತು ನಂಗೆ.

ಮಾರನೇ ದಿನ ನಡೆದಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಟಾರ್ಟ್ ಮಾಡಿದ್ರು, ಮೊದಲ ಮೂರು ಸೆಕೆಂಡ್ ಸುಮ್ನೆ ಕೇಳಿದ್ರು. ಚೈನ್ ಸಡಿಲ ಆಗಿದ್ರೆ ಆಯಿಲ್ ಪ್ರೆಶರ್ ಏರೋವರೆಗೂ ಗಲಗಲ ಅಂತ ಸರಪಳಿ ಎಳೆದಂಗೆ ಸೌಂಡ್ ಬರ್ಬೇಕು, ಯಾಕಂದ್ರೆ ಚೈನ್ ಬಿಗಿ ಮಾಡೋ ಟೆನ್ಷನರ್ ಆಯಿಲ್ ಪ್ರೆಶರಲ್ಲೇ ಕೆಲಸ ಮಾಡೋದು, ನಿಮ್ಮದ್ರಲ್ಲಿ ಅದಿಲ್ಲ ಅಂದ್ರು. ಆಮೇಲೆ ಒಂದು ಉದ್ದ ಸ್ಕ್ರೂಡ್ರೈವರ್ ತಗೊಂಡು ತುದಿನ ಒಂದೊಂದೇ ಪಾರ್ಟ್ ಬೋಲ್ಟಿಗೆ ಇಟ್ಟು ಹಿಡಿನ ಕಿವಿಗೆ ಒತ್ತಿಕೊಂಡ್ರು, ಚೈನ್ ಕವರ್, ಆಲ್ಟರ್ನೇಟರ್, ಸ್ಟೀರಿಂಗ್ ಪಂಪ್, ಕೊನೆಗೆ ಬೆಲ್ಟ್ ಟೆನ್ಷನರ್ (ಇದು ಚೈನಿಂದಲ್ಲ, ಇಂಜಿನ್ ಹೊರಗಿರೋ ರಬ್ಬರ್ ಬೆಲ್ಟನ್ನ ಬಿಗಿಯಾಗಿಡೋ ಪುಲ್ಲಿ). ನಂಗೂ ಕೊಟ್ರು. ಚೈನ್ ಕವರಲ್ಲಿ ಒಂದೇ ಸಮ ಗುಂಯ್ ಅಂತಿತ್ತು, ಟೆನ್ಷನರ್ ಹತ್ರ ಇಟ್ಟ ತಕ್ಷಣ ಕಿವಿ ಒಳಗೇ ಮರಳು ಅರೆದಂಗಾಯ್ತು. ಅಲ್ಲಿಗೂ ಬಿಡಲಿಲ್ಲ ಅವರು, ಬೆಲ್ಟ್ ಪೂರ್ತಿ ಬಿಚ್ಚಿ ಇಂಜಿನ್ ಅರ್ಧ ನಿಮಿಷ ಓಡಿಸಿದ್ರು, ಕಿರ್ರ್ ಪೂರ್ತಿ ನಿಂತೋಯ್ತು. (ಇದನ್ನ ಮನೇಲಿ ಮಾಡೋರು ಹುಷಾರು, ಬೆಲ್ಟ್ ಇಲ್ದೆ ಆಲ್ಟರ್ನೇಟರ್ ತಿರುಗಲ್ಲ, ಬಹಳಷ್ಟು ಇಂಜಿನ್ನಲ್ಲಿ ವಾಟರ್ ಪಂಪೂ ಅದೇ ಬೆಲ್ಟಿಂದ ತಿರುಗೋದು, ಜಾಸ್ತಿ ಹೊತ್ತು ಓಡಿಸ್ಬೇಡಿ.) ಅಂದ್ರೆ ಸೌಂಡು ಇಂಜಿನ್ ಒಳಗಿಂದಲ್ಲ, ಬೆಲ್ಟ್ ತಿರುಗಿಸೋ ಯಾವುದೋ ಪುಲ್ಲಿಯಿಂದ.

ಬಿಚ್ಚಿದ ಟೆನ್ಷನರ್ ಪುಲ್ಲಿನ ನನ್ ಕೈಗೇ ಕೊಟ್ಟು ಬೆರಳಲ್ಲಿ ತಿರುಗಿಸಿ ನೋಡಿ ಅಂದ್ರು. ಬುಗುರಿ ಥರ ಸುಮಾರು ಹೊತ್ತು ತಿರುಗ್ತು. ನಾನು ಚೆನ್ನಾಗೇ ತಿರುಗುತ್ತಲ್ಲ ಅಂದ್ಕೊಂಡೆ, ಪಕ್ಕದಲ್ಲಿ ಹೊಸದನ್ನ ಇಟ್ರು, ಅದು ಒಂದು ಸುತ್ತು ಭಾರವಾಗಿ ಸದ್ದಿಲ್ದೆ ತಿರುಗಿ ನಿಂತೋಯ್ತು. ಒಳಗೆ ಗ್ರೀಸ್ ಇದ್ರೆ ಹಂಗೆ ಭಾರ ಇರುತ್ತಂತೆ, ಒಣಗಿದ ಬೇರಿಂಗೇ ಹಗುರಾಗಿ ತಿರುಗೋದು. ಸೀಲ್ ಅಂಚಲ್ಲಿ ಕಾಫಿಪುಡಿ ಥರ ತುಕ್ಕು ಮೆತ್ತಿಕೊಂಡಿತ್ತು. ಇಂಜಿನ್ ವಾಶ್ ಮಾಡಿಸ್ತೀರಾ ಅಂತ ಕೇಳಿದ್ರು, ಹೌದು, ಎರಡು ತಿಂಗಳಿಗೊಂದ್ಸಲ ವಾಟರ್ ಸರ್ವಿಸಲ್ಲಿ ಬಾನೆಟ್ ಎತ್ತಿ ಪ್ರೆಶರ್ ಹೊಡೆಸ್ತಿದ್ದೆ, ಆ ನೀರು ಸೀಲ್ ದಾಟಿ ಬೇರಿಂಗಿಗೆ ಹೋಗಿದೆ. ಇನ್ಮೇಲೆ ಒದ್ದೆ ಬಟ್ಟೆ, ಬ್ರಶ್ಶು ಸಾಕು ಅಂದ್ರು. ಟೆನ್ಷನರ್ ಅಸೆಂಬ್ಲಿ, ಹೊಸ ಬೆಲ್ಟು, ಲೇಬರ್ ಎಲ್ಲಾ ಸೇರಿ 5,400 ರೂಪಾಯಿ, ಹಳೇ ಪಾರ್ಟು ಕವರಲ್ಲಿ ಹಾಕಿ ವಾಪಸ್ ಕೊಟ್ರು.

ಹೆಂಗೂ ಬಂದಿದೀರ ಅಂತ ಸ್ಕ್ಯಾನರ್ ಹಾಕಿ ನಾಲ್ಕು ಇಂಜೆಕ್ಟರ್ ಕರೆಕ್ಷನ್ ವ್ಯಾಲ್ಯೂನೂ (ಒಂದೊಂದು ಇಂಜೆಕ್ಟರಿಗೆ ಡೀಸೆಲ್ ಎಷ್ಟು ಹೆಚ್ಚುಕಮ್ಮಿ ಮಾಡ್ಕೋತಿದೆ ಅನ್ನೋ ಲೆಕ್ಕ) ತೋರಿಸಿದ್ರು, ಎಲ್ಲಾ ಹತ್ತಿರ ಹತ್ತಿರ ಇತ್ತು, ಅಂದ್ರೆ ಅಲ್ಲಿ ತೊಂದ್ರೆ ಇಲ್ಲ. ಅದಕ್ಕೆ ದುಡ್ಡು ತಗೊಳ್ಲಿಲ್ಲ.

ಎರಡನೇ ಸೌಂಡು ಇಂಜಿನ್ದೇ ಅಲ್ಲ. ಲಿಫ್ಟ್ ಮೇಲೆ ಎತ್ತಿ ರಬ್ಬರ್ ಸುತ್ತಿಗೆಯಲ್ಲಿ ಒಂದೊಂದೇ ಕಡೆ ತಟ್ಟುತ್ತಾ ಬಂದ್ರು, ಮುಂದಗಡೆ ಸ್ಕಿಡ್ ಪ್ಲೇಟಿಗೆ (ಗಾಡಿ ಅಡಿಗೆ ಕಲ್ಲು ತಾಗದಂಗೆ ಹಾಕೋ ತಗಡು) ತಟ್ಟಿದಾಗ ಅದೇ ಡರ್ರ್. ಮೂರು ವರ್ಷದ ಹಿಂದೆ ಒಂದು ಆಕ್ಸೆಸರಿ ಅಂಗಡೀಲಿ ಬುಲ್ ಗಾರ್ಡು (ಬಂಪರ್ ಮುಂದೆ ಹಾಕೋ ಕಬ್ಬಿಣದ ಕಂಬಿ) ಸ್ಕಿಡ್ ಪ್ಲೇಟು ಒಟ್ಟಿಗೆ ಹಾಕ್ಸಿದ್ದೆ, ಪ್ಲೇಟಿಗೆ ನಾಲ್ಕು ಬೋಲ್ಟ್ ಜಾಗದಲ್ಲಿ ಎರಡೇ ಇತ್ತು, ಮಧ್ಯ ರಬ್ಬರ್ ಬುಶ್ಶೇ ಇಲ್ಲ, ಪ್ಲೇಟು ಗಾರ್ಡ್ ಬ್ರಾಕೆಟಿಗೆ ತಾಗ್ತಿತ್ತು. ಆ ಆರ್‌ಪಿಎಂಗೆ ಇಂಜಿನ್ ಅದುರೋದೂ ಆ ತಗಡು ಅದುರೋದೂ ಒಂದೇ ಲೆಕ್ಕಕ್ಕೆ ಬಂದು ಕೂಗುತ್ತೆ, ಆಮೇಲೆ ಸುಮ್ನಾಗುತ್ತೆ. ಪ್ಲೇಟಿಗೆ ಬುಶ್ ಹಾಕಿ ನಾಲ್ಕೂ ಬೋಲ್ಟ್ ಟೈಟ್ ಮಾಡಿದ್ರು.

ಬುಲ್ ಗಾರ್ಡನ್ನ ಮಾತ್ರ ವಾಪಸ್ ಹಾಕ್ಬೇಡಿ ಅಂತ ಕೈ ಮುಗಿದು ಕೇಳಿದ್ರು. 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಇಲಾಖೆ ಎಲ್ಲಾ ರಾಜ್ಯಕ್ಕೂ ಬರೆದಿದೆ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ನಿಗೆ ವಿರುದ್ಧ ಇದು, ಫೈನೂ ಇದೆ. ಅದಕ್ಕಿಂತ ಮುಖ್ಯ, ಗಾರ್ಡು ನೇರ ಚಾಸಿಗೆ ಸೇರಿರೋದ್ರಿಂದ ಗುದ್ದಿದ ಹೊಡೆತ ಬಂಪರ್ ಮುದುಡಿ ಕಮ್ಮಿಯಾಗದೆ ನೇರ ಒಳಗೆ ಬರುತ್ತೆ, ಏರ್‌ಬ್ಯಾಗ್ ಸೆನ್ಸರ್ ಲೆಕ್ಕಾನೂ ತಪ್ಪಬಹುದು, ಎದುರಿಗೆ ನಡ್ಕೊಂಡ್ ಹೋಗೋರು ಸಿಕ್ಕರಂತೂ ದೇವರೇ ಗತಿ. ಅಪ್ಪ ಹಿಂದಿನ ಸೀಟಲ್ಲಿ ಕೂರೋ ಗಾಡಿ ನಂದು, ಕೇಳಿದ ಮೇಲೆ ಎರಡನೇ ಮಾತಾಡ್ಲಿಲ್ಲ, ಗುಜರಿಗೆ ಹಾಕ್ದೆ.

ಹೆಡ್‌ಲೈಟ್ ವಿಷ್ಯನೂ ಕೇಳಿದ್ದೆ, ಸಕಲೇಶಪುರಕ್ಕೆ ರಾತ್ರಿ ಹೋಗುವಾಗ ಹಾಸನ ದಾಟಿದ್ ಮೇಲೆ ಏನೂ ಕಾಣಲ್ಲ, ಜೆ.ಸಿ. ರೋಡಲ್ಲಿ ಎಲ್‌ಇಡಿ ಬಲ್ಬ್ ಹಾಕ್ಸೋಣ ಅಂತಿದ್ದೆ. ಹ್ಯಾಲೋಜನ್ನಿಗೆ ಮಾಡಿದ ರಿಫ್ಲೆಕ್ಟರಿಗೆ ಸಿಕ್ಕಿದ ಎಲ್‌ಇಡಿ ತುರುಕಿದ್ರೆ ಬೆಳಕು ಚೆದುರಿ ಎದುರು ಬರೋರ ಕಣ್ಣಿಗೆ ಹೋಗುತ್ತೆ, ರಸ್ತೆಗೆ ಬೀಳಲ್ಲ ಅಂದು ಮೀಟರ್ ತಂದ್ರು. ಇಂಜಿನ್ ಓಡ್ತಾ ಬ್ಯಾಟರೀಲಿ 14.1 ವೋಲ್ಟ್, ಬಲ್ಬ್ ಹೋಲ್ಡರಲ್ಲಿ 12.2. ಹಳೇ ವೈರು, ಸ್ವಿಚ್ಚಲ್ಲೇ ಸುಮಾರು ಎರಡು ವೋಲ್ಟ್ ಸೋರಿ ಹೋಗ್ತಿದೆ, ಅಷ್ಟು ಬಿದ್ರೆ ಹ್ಯಾಲೋಜನ್ ಬೆಳಕಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯ್ತು ಅಂತ್ಲೇ. ರಿಲೇ ವೈರಿಂಗ್ ಕಿಟ್ (ಹಳೇ ಸ್ವಿಚ್ ಮೂಲಕ ಹೋಗದೆ ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡೋ ವೈರು) ಹಾಕಿ, ಮಂಜಾಗಿದ್ದ ಪ್ಲಾಸ್ಟಿಕ್ ಕವರ್ ಪಾಲಿಶ್ ಮಾಡಿ 2,300 ತಗೊಂಡ್ರು. ಬಲ್ಬು ಅದೇ ಹಳೇದು. ಹೋದ ವಾರ ಊರಿಗೆ ಹೋಗ್ಬಂದೆ, ರಸ್ತೆ ಅಂಚಿನ ಬಿಳಿ ಗೆರೆ ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನೀಟಾಗಿ ಕಾಣಿಸ್ತು.

ಕೊರತೆ ಇಲ್ವಾ ಅಂದ್ರೆ ಇದೆ. ಸಂಜೆ ಕೊಡ್ತೀನಿ ಅಂದ ಗಾಡಿ ಮಾರನೇ ದಿನ ಮಧ್ಯಾಹ್ನ ಸಿಕ್ತು, ಲೇಟ್ ಆಗುತ್ತೆ ಅಂತ ಒಂದು ಫೋನ್ ಮಾಡಿದ್ರೆ ನಾನು ಆಫೀಸಿಗೆ ರಜ ಹಾಕ್ತಿರ್ಲಿಲ್ಲ, ಇದನ್ನ ಅವರಿಗೇ ನೇರ ಹೇಳಿದೀನಿ, ಬೇಜಾರ್ ಮಾಡ್ಕೊಳ್ಲಿಲ್ಲ. ಬಿಲ್ಲು ಕೈಯಲ್ಲಿ ಬರೀತಾರೆ, ಪಾರ್ಟ್ ನಂಬರ್ ಸಮೇತ ಬರೆಸ್ಕೊಳ್ಳಿ. ಗಲ್ಲೀಲಿ ಎಸ್‌ಯುವಿ ತಿರುಗಿಸೋಕೆ ಜಾಗ ಇಲ್ಲ, ಶನಿವಾರ ಅಂತೂ ಹೋಗ್ಲೇಬೇಡಿ. ಸೌಂಡ್ ಕಂಪ್ಲೇಂಟ್ ಇದ್ರೆ ಹಿಂದಿನ ಸಂಜೆನೇ ಗಾಡಿ ಬಿಟ್ಟು ಬನ್ನಿ, ಬೆಳಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡುವಾಗ ನೀವೂ ಪಕ್ಕದಲ್ಲಿ ನಿಂತಿರಿ.