ಕ್ಯಾಲ್ವಿನ್ ಅಂಡ್ ಹಾಬ್ಸ್ ಪೂರ್ತಿ ಸೆಟ್: ಭಾರ ಜಾಸ್ತಿ, ಆದರೂ ತಗೊಳ್ಳಿ

1985ರಿಂದ 1995ರವರೆಗೆ ಅಮೆರಿಕದ ಪೇಪರ್‌ಗಳಲ್ಲಿ ಬಂದ ಬಿಲ್ ವಾಟರ್ಸನ್ ಕಾಮಿಕ್ ಸ್ಟ್ರಿಪ್‌ಗಳು ಈ ಮೂರು ಸಂಪುಟಗಳಲ್ಲಿವೆ. ಗಟ್ಟಿ ರಟ್ಟು, ದಪ್ಪ ಕಾಗದ. ಮಲಗಿಕೊಂಡು ಓದೋಕೆ ಆಗಲ್ಲ, ಕೈ ನೋಯುತ್ತದೆ.

ಮಜಾ ಇರೋದು ಯಾರ ಕಣ್ಣಿಂದ ನೋಡುತ್ತಿದ್ದೇವೆ ಅನ್ನೋದರಲ್ಲಿ. ಪುಟ್ಟ ಹುಡುಗ ಕ್ಯಾಲ್ವಿನ್ ಜೊತೆ ಇದ್ದಾಗ ಹಾಬ್ಸ್ ಮಾತಾಡುವ, ಮೈಮೇಲೆ ಬಿದ್ದು ಕುಸ್ತಿ ಆಡುವ ಹುಲಿ. ಪಕ್ಕದ ಚೌಕದಲ್ಲಿ ಅಮ್ಮ ಬಂದರೆ ಬರೀ ಬಟ್ಟೆ ಗೊಂಬೆ. ಯಾವುದು ನಿಜ ಅಂತ ವಾಟರ್ಸನ್ ಹೇಳುವುದೇ ಇಲ್ಲ. ಹೇಳದಿದ್ದದ್ದೇ ಒಳ್ಳೆಯದಾಯ್ತು.

ನನಗೆ ಜಾಸ್ತಿ ಹಿಡಿಸಿದ್ದು ಅಪ್ಪನ ಜನಪ್ರಿಯತೆ ಸಮೀಕ್ಷೆ. ಆರು ವರ್ಷದ ಹುಡುಗ, ಅಪ್ಪ ಏನೋ ಓಟು ಕೇಳಿ ಗೆದ್ದು ಬಂದವನು ಅನ್ನುವ ಹಾಗೆ, ನಿಮ್ಮ ರೇಟಿಂಗ್ ಕುಸಿದಿದೆ ಎಂದು ಗಂಭೀರವಾಗಿ ವರದಿ ಒಪ್ಪಿಸುತ್ತಾನೆ, ಅಪ್ಪ ಜಗ್ಗುವುದಿಲ್ಲ. ಮನೆಯಲ್ಲಿ ಚುನಾವಣೆಯೇ ಇಲ್ವಲ್ಲ! ಕ್ಯಾಲ್ವಿನ್‌ನ ಕ್ಲಾಸಿನ ಹುಡುಗಿ ಸೂಸಿಗೆ ಮಾತ್ರ ಇನ್ನಷ್ಟು ಜಾಗ ಕೊಡಬೇಕಿತ್ತು.