ಗಲ್ಫ್ ಪ್ರಯಾಣಕ್ಕೆ ದಕ್ಷಿಣ ಕೊಡಗಿನವರು ಹಿಡಿಯಬೇಕಾದ್ದು ಕಣ್ಣೂರಿನ ದಾರಿಯೋ, ಮಂಗಳೂರಿನ ದಾರಿಯೋ?

ವಿರಾಜಪೇಟೆ, ಗೋಣಿಕೊಪ್ಪಲು ಕಡೆಯವರು ಅಬುಧಾಬಿಗೋ ದುಬೈಗೋ ಹೊರಡುವುದಾದರೆ ಟಿಕೆಟನ್ನು ಕಣ್ಣೂರಿನಿಂದಲೇ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗಳ ಸಂಸಾರ ಅಬುಧಾಬಿಯಲ್ಲಿರುವುದರಿಂದ ಎರಡೂ ನಿಲ್ದಾಣಗಳ ಮೂಲಕ ಹೋಗಿ ಬಂದಿದ್ದೇನೆ. ಬೆಂಗಳೂರಿನಲ್ಲಿ ವಿಮಾನಗಳು ಎಷ್ಟೇ ಇರಲಿ, ದೇವನಹಳ್ಳಿ ಮುಟ್ಟುವಷ್ಟರಲ್ಲೇ ಅರ್ಧ ದಿನ ಕಳೆಯುವುದರಿಂದ ಅದನ್ನು ಈ ಹೋಲಿಕೆಗೆ ಸೇರಿಸಿಲ್ಲ.

ಕಣ್ಣೂರು ನಿಲ್ದಾಣವಿರುವುದು ಕಣ್ಣೂರು ಪಟ್ಟಣದಲ್ಲಲ್ಲ, ನಮ್ಮ ಕಡೆಗೇ ಇನ್ನಷ್ಟು ಹತ್ತಿರವಾದ ಮಟ್ಟನೂರಿನಲ್ಲಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿದರೆ ಸುಮಾರು 60 ಕಿಲೋಮೀಟರ್. ಮಂಗಳೂರಿಗಾದರೆ ಮಡಿಕೇರಿ ಹತ್ತಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಬಿ.ಸಿ.ರೋಡ್ ಹಾದು ನಿಲ್ದಾಣವಿರುವ ಬಜ್ಪೆ ಸೇರುವಾಗ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ದೂರವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋಗಿದ್ದನ್ನು ಕಂಡ ಮೇಲೆ, ಮಳೆಗಾಲದಲ್ಲಿ ವಿಮಾನದ ಹೊತ್ತಿಗೆ ಸರಿಯಾಗಿ ತಲುಪುತ್ತೇವೆಂಬ ಧೈರ್ಯ ನನಗಂತೂ ಉಳಿದಿಲ್ಲ. ಮಾಕುಟ್ಟ ರಸ್ತೆಯೂ ಕುಸಿತದಿಂದ ಹೊರತಲ್ಲ. ಜೋರು ಮಳೆಯ ತಿಂಗಳುಗಳಲ್ಲಿ ಅಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವುದುಂಟು.

1951ರಿಂದ ನಡೆಯುತ್ತಿರುವ ಮಂಗಳೂರು ನಿಲ್ದಾಣದ ದೊಡ್ಡ ರನ್‌ವೇ 2,450 ಮೀಟರ್ ಉದ್ದವಿದ್ದರೆ, 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರಿನದು 3,050 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡದ್ದನ್ನು ಕರಾವಳಿಯಾಗಲಿ ಕೊಡಗಾಗಲಿ ಮರೆತಿಲ್ಲ. ಆದರೂ ಆ ಭಯದಿಂದ ನಾನು ಮಂಗಳೂರನ್ನು ಬಿಟ್ಟವನಲ್ಲ. ಕಣ್ಣೂರಿನದೂ ಗುಡ್ಡ ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವೇ, ಮೋಡ ಕವಿದರೆ ಅಲ್ಲಿಗೆ ಬರಬೇಕಾದ ವಿಮಾನವೂ ಬೇರೆ ಊರಿಗೆ ತಿರುಗುತ್ತದೆ.

ಟರ್ಮಿನಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣೂರಿನದು ವಿಶಾಲ, ಜನ ಕಡಿಮೆ, ಇಮಿಗ್ರೇಶನ್ ಸಾಲು ಬೇಗ ಕರಗುತ್ತದೆ. ಹೊಟ್ಟೆ ತುಂಬ ಊಟ ಮಾತ್ರ ಇರಿಟ್ಟಿಯಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಕೊಡಗಿನ ಹುಳಿರಸವಾದ ಕಾಚಂಪುಳಿ ಒಯ್ಯುವವರು ಯಾವ ನಿಲ್ದಾಣವಾದರೂ ಬಾಟಲಿಯ ಬಿರಡೆಗೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಚೆಕ್-ಇನ್ ಪೆಟ್ಟಿಗೆಗೇ ಹಾಕಬೇಕು. 100 ಮಿಲಿಲೀಟರ್ ಮೀರಿದ ದ್ರವವನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ಕಣ್ಣೂರಿನ ನಿಜವಾದ ತೊಂದರೆ ಇರುವುದು ನಿಲ್ದಾಣದ ಹೊರಗೆ, ಮನೆಗೆ ಮರಳುವ ದಾರಿಯಲ್ಲಿ. ಗಲ್ಫ್‌ನಿಂದ ಬರುವ ವಿಮಾನ ನಸುಕಿನಲ್ಲಿ ಇಳಿದರೆ ವಿರಾಜಪೇಟೆಯ ಹೆಸರು ಹೇಳಿದ ಕೂಡಲೇ ಟ್ಯಾಕ್ಸಿಯವರು ಹಿಂದೆ ಮುಂದೆ ನೋಡುತ್ತಾರೆ. ಅವರ ಗಾಡಿಗೆ ಅಖಿಲ ಭಾರತ ಪರ್ಮಿಟ್ ಇಲ್ಲದಿದ್ದರೆ ಕರ್ನಾಟಕದೊಳಗೆ ಬರಲು ಬೇರೆ ಪರ್ಮಿಟ್ ಮಾಡಿಸಿ ತೆರಿಗೆ ಕಟ್ಟಬೇಕು. ಅದರ ಜೊತೆಗೆ ಮರಳುವಾಗಿನ ಖಾಲಿ ಓಡಾಟದ ಬಾಡಿಗೆಯೂ ನಮ್ಮ ತಲೆಯ ಮೇಲೇ ಬೀಳುತ್ತದೆ.

ಒಮ್ಮೆ ಪೂರ್ತಿ ಬಾಡಿಗೆ ಮಾತಾಡಿಕೊಂಡು ಹೊರಟ ಚಾಲಕರೊಬ್ಬರು ಗಡಿಯ ಕೂಟುಪುಳ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ, ಮೊಬೈಲಿನಲ್ಲಿ ತೆರಿಗೆ ಕಟ್ಟಲು ಬಹಳ ಹೊತ್ತು ಹೆಣಗಿ, ಕೊನೆಗೆ ಇಲ್ಲಿಂದ ಮುಂದೆ ಬರಲಾಗದೆಂದುಬಿಟ್ಟರು. ಪೆಟ್ಟಿಗೆಗಳನ್ನು ಸೇತುವೆಯ ಬದಿಗಿಟ್ಟು, ಊರಿನಿಂದ ಪರಿಚಯದವರ ಜೀಪು ಬರುವವರೆಗೆ ನನ್ನ ಹೆಂಡತಿ ಮಂಡಿನೋವಿನಲ್ಲೇ ನಿಂತು ಕಾಯಬೇಕಾಯಿತು. ಎರಡು ಜಿಲ್ಲೆಯವರೂ ಬಳಸುವ ನಿಲ್ದಾಣವೊಂದಕ್ಕೆ ಗಡಿ ದಾಟುವ ಟ್ಯಾಕ್ಸಿಯ ವ್ಯವಸ್ಥೆಯನ್ನು ಎರಡು ಸರ್ಕಾರಗಳೂ ಕುಳಿತು ಮಾಡಬಾರದೇ ಎಂಬ ನೋವು ನನಗೆ ಈಗಲೂ ಇದೆ.

ಆಮೇಲಿನಿಂದ ವಿರಾಜಪೇಟೆಯಲ್ಲೇ ಅಖಿಲ ಭಾರತ ಪರ್ಮಿಟ್ ಇರುವ ಗಾಡಿಯನ್ನು ಮೊದಲೇ ಗೊತ್ತುಮಾಡಿ, ಪರ್ಮಿಟ್ಟಿನ ದಿನಾಂಕವನ್ನು ಕಣ್ಣಾರೆ ನೋಡಿಕೊಳ್ಳುತ್ತೇನೆ. ಕಾಯುವ ಹಣ ಸೇರಿಸಿದರೂ ಮಂಗಳೂರಿನ ಬಾಡಿಗೆಗಿಂತ ಕಡಿಮೆಯೇ ಆಗುತ್ತದೆ. ಹಗಲಿನಲ್ಲಿ ಇಳಿಯುವವರು, ಸಾಮಾನು ಕಡಿಮೆಯಿದ್ದರೆ, ಇರಿಟ್ಟಿಗೆ ಬಂದು ವಿರಾಜಪೇಟೆಯ ಬಸ್ಸು ಹಿಡಿಯಬಹುದು.

ವಿಮಾನಗಳ ವಿಷಯದಲ್ಲಿ ಎರಡೂ ಬಡವೇ. ವಿದೇಶಿ ಕಂಪನಿಗಳಿಗೆ ಕೇಂದ್ರ ಸರ್ಕಾರ ಎರಡೂ ಕಡೆ ನಿತ್ಯದ ಹಾರಾಟಕ್ಕೆ ಅವಕಾಶ ಕೊಡದ ಕಾರಣ ನಮ್ಮ ದೇಶದ ಕಂಪನಿಗಳನ್ನೇ ನೆಚ್ಚಬೇಕು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿಯ ಹಾರಾಟ ನಿಂತಾಗ ಕಣ್ಣೂರಿಗೆ ದೊಡ್ಡ ಪೆಟ್ಟು ಬಿತ್ತು. ಶಾಲೆಯ ರಜೆಯ ದಿನಗಳಲ್ಲಿ ದರ ಏರುವುದರಿಂದ ನಾನು ರಜೆ ಕಳೆದ ಮೇಲೆಯೇ ಹೊರಡುತ್ತೇನೆ.

ಮಡಿಕೇರಿಯಿಂದ ಆಚೆ, ಸಂಪಾಜೆ ಕಡೆಯವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅವರು ಬಜ್ಪೆಗೇ ಹೋಗಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವ ಹಿರಿಯರಿದ್ದರೂ ಹಿಂದಿನ ದಿನ ಅಲ್ಲಿ ಉಳಿದು ಎರಡೂ ಕೆಲಸ ಒಟ್ಟಿಗೆ ಮುಗಿಸಬಹುದು. ಉಳಿದಂತೆ ವಿರಾಜಪೇಟೆ ತಾಲ್ಲೂಕಿನವರು, ಮಂಗಳೂರಿನ ಟಿಕೆಟ್ ಒಂದೆರಡು ಸಾವಿರ ಅಗ್ಗವಾಗಿ ಕಂಡರೂ, ಗಾಡಿ ಬಾಡಿಗೆಯನ್ನು ಕೂಡಿಸಿ ನೋಡಿದ ಮೇಲೆಯೇ ಹಣ ಕಟ್ಟಬೇಕು.